ಮುದ್ದೆ ನುಂಗುವಾಗ ಗಂಟಲಲ್ಲಿ ನಡೆಯುವುದೇನು?

ನಂಜನಗೂಡು ತಾಲ್ಲೂಕಿನ ದೇವನೂರಿಗೆ ಮೊದಲ ಬಾರಿ ಬಂದ ದೂರದೂರಿನ ನೆಂಟನನ್ನು ಗುರುತಿಸುವುದು ಕಷ್ಟವೇನಲ್ಲ. ರಾಗಿ ಮುದ್ದೆಯ ತಟ್ಟೆಯ ಮುಂದೆ ಕೂರಿಸಿದರೆ ಸಾಕು. ಅವನು ಮುದ್ದೆಯ ಚೂರನ್ನು ಬಾಯಿಗಿಟ್ಟು ಅಗಿಯತೊಡಗುತ್ತಾನೆ. ಅದು ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಅಂಗುಳಕ್ಕೆ ಅಂಟುತ್ತದೆ, ನಾಲಗೆ ಅದನ್ನು ಬಿಡಿಸಲಾರದೆ ಒದ್ದಾಡುತ್ತದೆ. ಪಕ್ಕದಲ್ಲಿ ಕೂತ ಆರು ವರ್ಷದ ಹುಡುಗ ನಗುತ್ತಾ, 'ಅಗೀಬೇಡಿ, ನುಂಗಿ' ಎನ್ನುತ್ತಾನೆ. ತಾನೇ ಮಾಡಿಯೂ ತೋರಿಸುತ್ತಾನೆ. ಮುದ್ದೆಯನ್ನು ಚಿವುಟಿ, ನೆಲ್ಲಿಕಾಯಿ ಗಾತ್ರಕ್ಕೆ ಉರುಟಿ, ಹೆಬ್ಬೆರಳಿಂದ ಸಣ್ಣ ಗುಳಿ ಮಾಡಿ, ಬಸ್ಸಾರಿನಲ್ಲಿ ಅದ್ದಿ ಬಾಯಿಗೆ ಹಾಕುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ತುತ್ತು ಮಾಯ.

ಏನು ಮಾಡಿದೆ ಎಂದು ಕೇಳಿದರೆ ಹುಡುಗ ಹೇಳುವುದು ಒಂದೇ ಮಾತು: 'ನುಂಗಿದೆ.' ಆ ಒಂದು ಮಾತಿನ ಹಿಂದೆ ಎಷ್ಟೊಂದು ಕೆಲಸ ನಡೆದಿದೆ ಎಂಬುದು ಅವನಿಗೂ ಗೊತ್ತಿಲ್ಲ, ಅವನ ಅಪ್ಪ ಅಮ್ಮನಿಗೂ ಗೊತ್ತಿರಲಾರದು. ಸುಮಾರು ಮೂವತ್ತು ಜೊತೆ ಸ್ನಾಯುಗಳು ಒಂದಾದ ಮೇಲೊಂದರಂತೆ ಕ್ರಮ ತಪ್ಪದೆ ಕೆಲಸ ಮಾಡಿವೆ. ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಐದು ಜೊತೆ ಇದಕ್ಕಾಗಿ ದುಡಿದಿವೆ. ಮೂಗಿನ ಹಾದಿ ಮುಚ್ಚಿ ತೆರೆದಿದೆ, ಶ್ವಾಸನಾಳದ ಬಾಗಿಲು ಮುಚ್ಚಿ ತೆರೆದಿದೆ, ಅನ್ನನಾಳದ ಬಾಗಿಲು ತೆರೆದು ಮುಚ್ಚಿದೆ. ಅಷ್ಟು ಹೊತ್ತು ಉಸಿರಾಟವೇ ನಿಂತಿದೆ. ಗಂಟಲಿನಲ್ಲಿ ಇಷ್ಟೆಲ್ಲ ನಡೆಯಲು ಹಿಡಿದ ಕಾಲ ಹೆಚ್ಚೆಂದರೆ ಒಂದು ಸೆಕೆಂಡು.

ಆ ಒಂದು ಸೆಕೆಂಡಿನ ಕ್ರಮ ತಪ್ಪಿದರೆ ಅದೃಷ್ಟವಿದ್ದರೆ ಕೆಮ್ಮು, ಇಲ್ಲದಿದ್ದರೆ ಪ್ರಾಣಾಪಾಯ. ಆದ್ದರಿಂದಲೇ ಮಕ್ಕಳೂ ಅವರಿಗೆ ಉಣ್ಣಿಸುವ ದೊಡ್ಡವರೂ ನುಂಗುವ ಕ್ರಿಯೆಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಹಲ್ಲಿನ ಕೆಲಸ ಬೀಸುವ ಕಲ್ಲಿಗೆ

ಊಟ ಮಾಡುವಾಗ ಚೆನ್ನಾಗಿ ಅಗಿದು ನುಂಗಬೇಕು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಹಾಗಾದರೆ ಮೈಸೂರು ಸೀಮೆಯ ಜನ ತಲೆಮಾರುಗಳಿಂದ ಅಗಿಯದೆ ಮುದ್ದೆ ನುಂಗುತ್ತಿರುವುದು ತಪ್ಪೇ? ಅಲ್ಲ. ಅಗಿಯುವುದರ ಉದ್ದೇಶವನ್ನು ತಿಳಿದುಕೊಂಡರೆ ಇದು ಅರ್ಥವಾಗುತ್ತದೆ.

ಅಗಿಯುವಾಗ ಬಾಯಿ ಮೂರು ಕೆಲಸ ಮಾಡುತ್ತದೆ. ಗಟ್ಟಿಯಾದದ್ದನ್ನು ಸಣ್ಣ ಚೂರು ಮಾಡುತ್ತದೆ. ಆ ಚೂರುಗಳನ್ನು ಜೊಲ್ಲಿನಲ್ಲಿ ಕಲಸಿ ಒಂದಕ್ಕೊಂದು ಅಂಟಿಕೊಂಡ ಮೆತ್ತನೆಯ ಉಂಡೆ ಮಾಡುತ್ತದೆ. ಆ ಉಂಡೆ ಜಾರಿ ಹೋಗುವಂತೆ ಅದಕ್ಕೆ ಲೋಳೆಯ ಲೇಪ ಕೊಡುತ್ತದೆ. ಹೀಗೆ ಸಿದ್ಧವಾದ ಉಂಡೆಯೇ ತುತ್ತು. ಅವಲಕ್ಕಿ, ಕಡಲೆಪುರಿಗಳನ್ನು ಹೀಗೆ ಉಂಡೆ ಮಾಡದೆ ನುಂಗಲು ಹೋದರೆ ಪುಡಿ ಚದುರಿ ಗಂಟಲಿಗೆ ಅಡರುತ್ತದೆ.

ರಾಗಿ ಮುದ್ದೆಯಲ್ಲಿ ಈ ಮೂರೂ ಕೆಲಸ ಬಾಯಿಯ ಹೊರಗೇ ಮುಗಿದಿರುತ್ತವೆ. ಕಾಳನ್ನು ಸಣ್ಣಗೆ ಮಾಡುವ ಕೆಲಸ ಬೀಸುವ ಕಲ್ಲಿನದು, ಈಗ ಗಿರಣಿಯದು. ಕುದಿಯುವ ನೀರಿನಲ್ಲಿ ರಾಗಿಯ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಂಟಿಲ್ಲದಂತೆ ಕಲಸುವ ಕೆಲಸ ಮುದ್ದೆ ಕೋಲಿನದು. ಜಾರಿಸುವ ಕೆಲಸ ಸಾರಿನದು. ಸಾರಿಲ್ಲದೆ ಬರೀ ಮುದ್ದೆಯನ್ನು ನುಂಗಲು ಹೋದವರಿಗೆ ಸಾರಿನ ಬೆಲೆ ತಿಳಿದಿರುತ್ತದೆ. ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವೊಂದು ಇದೆ, ನಿಜ. ಅಗಿಯದೆ ನುಂಗಿದಾಗ ಅದಕ್ಕೆ ಸಮಯ ಕಡಿಮೆ ಸಿಗುತ್ತದೆ. ಆದರೆ ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸ ಅದೇ ಕೆಲಸವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ. ಹಾಗಾಗಿ ಮುದ್ದೆ ನುಂಗಿದವರ ಹೊಟ್ಟೆಗೆ ತೊಂದರೆಯೇನಿಲ್ಲ.

ಆದರೆ ಈ ರಿಯಾಯಿತಿ ಮುದ್ದೆಗೆ ಮಾತ್ರ. ಮುದ್ದೆಯ ಜೊತೆ ಬಂದ ಅವರೆಕಾಳಿಗೂ, ಮಾಂಸದ ತುಂಡಿಗೂ, ಕಪಿಲೆಯ ಮೀನಿಗೂ ಇದು ಅನ್ವಯಿಸುವುದಿಲ್ಲ. ಅವನ್ನು ಅಗಿಯಲೇಬೇಕು.

ಮೂರು ಹಂತಗಳು

ನುಂಗುವ ಕ್ರಿಯೆಯನ್ನು ಬಾಯಿಯ ಹಂತ, ಗಂಟಲಿನ ಹಂತ, ಅನ್ನನಾಳದ ಹಂತ ಎಂದು ಮೂರಾಗಿ ವಿಂಗಡಿಸುವ ಪದ್ಧತಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಮ್ಯಾಜೆಂಡಿಯ ಕಾಲದಿಂದ, ಅಂದರೆ 19ನೇ ಶತಮಾನದ ಆರಂಭದಿಂದ ಬಂದಿದೆ. ಒಳಗೆ ನಡೆಯುವುದನ್ನು ಕಣ್ಣಾರೆ ಕಾಣಲು ಮಾತ್ರ ಎಕ್ಸ್‌ರೇ ಬರುವವರೆಗೆ ಕಾಯಬೇಕಾಯಿತು. 1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ. ಮರುವರ್ಷವೇ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಿದ್ಯಾರ್ಥಿ ವಾಲ್ಟರ್ ಕ್ಯಾನನ್, ನಾಯಿಯೊಂದು ನುಂಗಿದ ಮುತ್ತಿನ ಗುಂಡಿ ಅನ್ನನಾಳದಲ್ಲಿ ಇಳಿಯುವುದನ್ನು ಎಕ್ಸ್‌ರೇ ಪರದೆಯ ಮೇಲೆ ನೋಡಿದ. ಇಂದು ಆಸ್ಪತ್ರೆಗಳಲ್ಲಿ ಬೇರಿಯಂ ಬೆರೆಸಿದ ಆಹಾರ ಕೊಟ್ಟು, ತುತ್ತಿನ ಪಯಣವನ್ನು ಚಲನಚಿತ್ರದಂತೆ ದಾಖಲಿಸಿ, ನಿಧಾನವಾಗಿ ಓಡಿಸಿ ನೋಡುತ್ತಾರೆ.

ಮೊದಲ ಹಂತ ಬಾಯಿಯದು. ತುಟಿ ಮುಚ್ಚುತ್ತದೆ. ನಾಲಗೆಯ ತುದಿ ಮುಂಹಲ್ಲಿನ ಹಿಂದೆ ಅಂಗುಳಕ್ಕೆ ಒತ್ತಿ ನಿಲ್ಲುತ್ತದೆ. ಅಲ್ಲಿಂದ ನಾಲಗೆ ಮುಂದಿನಿಂದ ಹಿಂದಕ್ಕೆ ಅಲೆಯಂತೆ ಏಳುತ್ತಾ ತುತ್ತನ್ನು ಅಂಗುಳದ ಉದ್ದಕ್ಕೂ ಹಿಂದಕ್ಕೆ ಒತ್ತುತ್ತದೆ. ಪೇಸ್ಟಿನ ಕೊಳವೆಯನ್ನು ಬುಡದಿಂದ ಒತ್ತಿದ ಹಾಗೆ. ಇಷ್ಟರವರೆಗೆ ಎಲ್ಲವೂ ನಮ್ಮ ಇಚ್ಛೆಯಂತೆ. ಬೇಡವೆನಿಸಿದರೆ ತುತ್ತನ್ನು ಉಗುಳಬಹುದು.

ಎರಡನೆಯದು ಗಂಟಲಿನ ಹಂತ. ತುತ್ತು ನಾಲಗೆಯ ಬುಡ ದಾಟಿ ಗಂಟಲಕುಳಿಯ ಗೋಡೆಗೆ ತಾಕಿದೊಡನೆ ಅಲ್ಲಿನ ನರಗಳು ಮೆದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿರುವ ನುಂಗುವ ಕೇಂದ್ರ ಆಳ್ವಿಕೆಯನ್ನು ಕೈಗೆ ತೆಗೆದುಕೊಳ್ಳುತ್ತದೆ. ಪಕ್ಕದಲ್ಲೇ ಇರುವ ಉಸಿರಾಟದ ಕೇಂದ್ರಕ್ಕೆ 'ತಡೆ' ಎಂಬ ಆಜ್ಞೆ ಹೋಗುತ್ತದೆ. ಕಿರುನಾಲಗೆ ಜೋತುಬಿದ್ದಿರುವ ಮೃದು ಅಂಗುಳ ಮೇಲೆದ್ದು ಮೂಗಿನ ಹಾದಿಯನ್ನು ಮುಚ್ಚುತ್ತದೆ. ನೀರು ಕುಡಿಯುವಾಗ ಯಾರಾದರೂ ನಗಿಸಿದರೆ ನೀರು ಮೂಗಿನಿಂದ ಬರುವುದು ಈ ಬಾಗಿಲು ಮುಚ್ಚದೆ ಹೋದಾಗ.

ಇತ್ತ ಗಂಟಲಿನ ಮುಂಭಾಗದಲ್ಲಿ ಧ್ವನಿಪೆಟ್ಟಿಗೆ ಸುಮಾರು ಎರಡು ಸೆಂಟಿಮೀಟರಿನಷ್ಟು ಮೇಲಕ್ಕೂ ಮುಂದಕ್ಕೂ ಸರಿದು ನಾಲಗೆಯ ಬುಡದಡಿ ಅಡಗಿಕೊಳ್ಳುತ್ತದೆ. ಅದರ ಒಳಗಿನ ಧ್ವನಿತಂತುಗಳು ಎರಡು ಕದಗಳಂತೆ ಕೂಡಿಕೊಳ್ಳುತ್ತವೆ. ಅದರ ಮೇಲಿರುವ ಎಲೆಯಾಕಾರದ ಮೃದ್ವಸ್ಥಿ, ಗಂಟಲ ಮುಚ್ಚಳ, ಹಿಂದಕ್ಕೆ ಬಾಗಿ ಹೊದಿಕೆಯಾಗುತ್ತದೆ. ಮುಚ್ಚಳವೊಂದೇ ಎಲ್ಲ ಮಾಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾದ ರಕ್ಷಣೆ ಒಂದರ ಹಿಂದೊಂದು ಮುಚ್ಚುವ ಈ ಎಲ್ಲ ಬಾಗಿಲುಗಳದು. ಧ್ವನಿಪೆಟ್ಟಿಗೆ ಮುಂದೆ ಸರಿದಾಗ ಅದರ ಹಿಂದಿರುವ ಅನ್ನನಾಳದ ಬಾಯಿಯೂ ಸೆಳೆತಕ್ಕೆ ಸಿಕ್ಕಿ ತೆರೆದುಕೊಳ್ಳುತ್ತದೆ. ಉಳಿದ ಹೊತ್ತಿನಲ್ಲಿ ಇದನ್ನು ಬಿಗಿಯಾಗಿ ಮುಚ್ಚಿಟ್ಟಿರುವ ಉಂಗುರದಂಥ ಸ್ನಾಯು ಆ ಅರ್ಧ ಸೆಕೆಂಡು ಮಾತ್ರ ಸಡಿಲಾಗುತ್ತದೆ. ತುತ್ತು ಒಳಹೊಕ್ಕ ತಕ್ಷಣ ಎಲ್ಲ ಬಾಗಿಲುಗಳೂ ಮೊದಲಿನ ಸ್ಥಿತಿಗೆ ಬರುತ್ತವೆ. ಸಾಮಾನ್ಯವಾಗಿ ಮೊದಲು ಉಸಿರು ಹೊರಕ್ಕೆ ಬರುತ್ತದೆ. ಬಾಗಿಲ ಬಳಿ ಏನಾದರೂ ಉಳಿದಿದ್ದರೆ ಒಳಕ್ಕೆ ಸೆಳೆಯದೆ ಹೊರಕ್ಕೆ ನೂಕುವ ಜಾಣ ಏರ್ಪಾಡು ಇದು.

ಬಿಸಿತುಪ್ಪ ಬಾಯಲ್ಲಿದ್ದರೆ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ ಎಂಬ ಮಾತಿದೆ. ಶರೀರಶಾಸ್ತ್ರದ ಪ್ರಕಾರ ಈ ಇಬ್ಬಂದಿ ಬಾಯಿಯ ಹಂತದಲ್ಲಿ ಮಾತ್ರ ಸಾಧ್ಯ. ನಾಲಗೆಯ ಬುಡ ದಾಟಿದ ಮೇಲೆ ಆಯ್ಕೆ ಇಲ್ಲ. ಅಲ್ಲಿಂದ ಮುಂದಿನದು ಇಚ್ಛೆಯ ಅಂಕೆಯಲ್ಲಿಲ್ಲದ ಕ್ರಿಯೆ.

ಮೂರನೆಯದು ಅನ್ನನಾಳದ ಹಂತ. ವಯಸ್ಕರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದವಿರುವ ಈ ಕೊಳವೆಯಲ್ಲಿ ತುತ್ತಿನ ಹಿಂದಿನ ಭಾಗ ಕುಗ್ಗುತ್ತದೆ, ಮುಂದಿನ ಭಾಗ ಸಡಿಲಾಗುತ್ತದೆ. ಈ ಅಲೆ ಸೆಕೆಂಡಿಗೆ ಎರಡರಿಂದ ನಾಲ್ಕು ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತದೆ. ಗಟ್ಟಿ ತುತ್ತು ಜಠರ ತಲುಪಲು ಎಂಟು ಹತ್ತು ಸೆಕೆಂಡು ಬೇಕು. ನೇರವಾಗಿ ಕುಳಿತವರಲ್ಲಿ ನೀರು ಇದಕ್ಕಿಂತ ಬೇಗ ಇಳಿಯುತ್ತದೆ.

ಆಹಾರ ಇಳಿಯುವುದು ಭೂಮಿಯ ಸೆಳೆತದಿಂದ ಎಂದು ಕೆಲವು ಮಕ್ಕಳು ಹೇಳುತ್ತಾರೆ. ಸೆಳೆತದ ನೆರವು ಉಂಟು, ಆದರೆ ಅದು ಅನಿವಾರ್ಯವಲ್ಲ. ಹಸು ತಲೆ ತಗ್ಗಿಸಿ ಕೆರೆಯ ನೀರು ಕುಡಿಯುವಾಗ ನೀರು ಕತ್ತಿನಲ್ಲಿ ಮೇಲ್ಮುಖವಾಗಿಯೇ ಹೋಗುತ್ತದೆ. ಭಾರವಿಲ್ಲದ ಅಂತರಿಕ್ಷದಲ್ಲಿ ಮನುಷ್ಯ ನುಂಗಬಲ್ಲನೇ ಎಂಬ ಸಂದೇಹ ಕೆಲವು ವೈದ್ಯರಿಗೆ ಇತ್ತು. 1961 ಮತ್ತು 1962ರ ಮೊದಲ ಯಾನಗಳಲ್ಲೇ ಯಾತ್ರಿಗಳು ತಿಂದು ತೋರಿಸಿದ ಮೇಲೆ ಅದು ನಿವಾರಣೆಯಾಯಿತು. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಅವರಿಗಾಗಿ ಭಾರತೀಯ ತಿನಿಸುಗಳನ್ನು ಸಿದ್ಧಪಡಿಸಿದ್ದು ಮೈಸೂರಿನಲ್ಲೇ ಇರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ.

ನಂಜುಂಡನ ಊರಿನಲ್ಲಿ ಗಂಟಲಿನ ಕಥೆ

ನಂಜನಗೂಡಿನ ಹೆಸರಿನಲ್ಲೇ ನುಂಗುವ ಕಥೆಯಿದೆ. ಸಮುದ್ರ ಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಶಿವ ಕುಡಿದ. ಅದು ಒಳಗೂ ಇಳಿಯದೆ ಹೊರಗೂ ಬಾರದೆ ಕಂಠದಲ್ಲೇ ನಿಂತಿತು. ನಂಜನ್ನು ಉಂಡವನು ನಂಜುಂಡನಾದ ಎಂಬುದು ಪುರಾಣ. ಸಾಮಾನ್ಯ ಮನುಷ್ಯರ ಕಂಠದಲ್ಲಾದರೋ ಯಾವುದೂ ನಿಲ್ಲುವಂತಿಲ್ಲ. ಏಕೆಂದರೆ ಅದು ಎರಡು ದಾರಿಗಳು ಒಂದನ್ನೊಂದು ದಾಟುವ ಜಾಗ.

ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಮತ್ತು ಕಪಿಲೆ ಕೂಡುತ್ತವೆ. ಕೂಡಿದ ನೀರು ಮತ್ತೆ ಬೇರೆಯಾಗುವುದಿಲ್ಲ. ಗಂಟಲಿನ ಸಂಗಮ ಹಾಗಲ್ಲ. ಮೂಗಿನ ಹಾದಿ ಹಿಂದಿದೆ, ಬಾಯಿ ಮುಂದಿದೆ. ಕೆಳಗೆ ಬಂದಾಗ ಶ್ವಾಸನಾಳ ಮುಂದಿದೆ, ಅನ್ನನಾಳ ಹಿಂದಿದೆ. ಆದ್ದರಿಂದ ಗಾಳಿ ಹಿಂದಿನಿಂದ ಮುಂದಕ್ಕೂ ಅನ್ನ ಮುಂದಿನಿಂದ ಹಿಂದಕ್ಕೂ ದಾಟಬೇಕು. ದಾಟಿದ ಮೇಲೆ ಒಂದಕ್ಕೊಂದು ಬೆರೆಯದೆ ಬೇರೆಯಾಗಬೇಕು. ರೈಲ್ವೆ ಗೇಟಿನಲ್ಲಿ ರೈಲು ಹೋಗುವಾಗ ಬಸ್ಸು ನಿಂತಂತೆ, ಅನ್ನ ಹೋಗುವಾಗ ಗಾಳಿ ನಿಲ್ಲಬೇಕು.

ತಿನ್ನುವ ಪ್ರತಿಯೊಂದು ಕಣವೂ ಶ್ವಾಸನಾಳದ ಬಾಯಿಯ ಮೇಲೆಯೇ ಹಾದುಹೋಗಬೇಕಾದ ವಿಚಿತ್ರವನ್ನು ಚಾರ್ಲ್ಸ್ ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲೇ ಗಮನಿಸಿದ್ದ. ಇದರ ಮೂಲ ಜೀವವಿಕಾಸದ ಇತಿಹಾಸದಲ್ಲಿದೆ. ಪ್ರಾಚೀನ ಮೀನುಗಳಲ್ಲಿ ಅನ್ನದ ಕೊಳವೆಯಿಂದಲೇ ಚೀಲವೊಂದು ಚಾಚಿಕೊಂಡು ಶ್ವಾಸಕೋಶವಾಯಿತು. ಇಂದಿಗೂ ತಾಯಿಯ ಗರ್ಭದಲ್ಲಿ ನಾಲ್ಕನೆಯ ವಾರದ ಹೊತ್ತಿಗೆ ಭ್ರೂಣದ ಅನ್ನದ ಕೊಳವೆಯಿಂದಲೇ ಶ್ವಾಸಕೋಶದ ಮೊಗ್ಗು ಒಡೆಯುತ್ತದೆ. ಹಳೆಯ ಮನೆಗೆ ಕೋಣೆ ಸೇರಿಸಿದಾಗ ಹಜಾರ ಒಂದೇ ಉಳಿದಂತೆ ಗಂಟಲೂ ಒಂದೇ ಉಳಿಯಿತು.

ನೆತ್ತಿಗೆ ಹತ್ತುವುದಿಲ್ಲ

ಊಟದ ನಡುವೆ ಕೆಮ್ಮು ಬಂದರೆ 'ನೆತ್ತಿಗೆ ಹತ್ತಿತು' ಎನ್ನುತ್ತಾರೆ. ಯಾರೋ ನೆನೆಸಿಕೊಂಡಿರಬೇಕು ಎಂದು ಅಜ್ಜಿ ನೆತ್ತಿಯನ್ನು ತಟ್ಟುತ್ತಾಳೆ. ಅನ್ನ ನೆತ್ತಿಗೆ ಹತ್ತುವ ದಾರಿಯೇ ಇಲ್ಲ. ನಡೆದಿರುವುದು ಇಷ್ಟು: ಮಾತನಾಡುತ್ತಲೋ ನಗುತ್ತಲೋ ಉಸಿರೆಳೆದಾಗ, ಮುಚ್ಚಬೇಕಾದ ಬಾಗಿಲು ತೆರೆದಿದ್ದು, ಒಂದು ಅಗುಳೋ ಒಂದು ಹನಿ ಸಾರೋ ಧ್ವನಿಪೆಟ್ಟಿಗೆಯ ಬಾಯಿಗೆ ಬಿದ್ದಿದೆ. ಅಲ್ಲಿನ ಸೂಕ್ಷ್ಮ ನರಗಳು ತಕ್ಷಣ ಕೆಮ್ಮಿಸುತ್ತವೆ. ಕೆಮ್ಮು ಇಲ್ಲಿ ರೋಗವಲ್ಲ, ಕಾವಲುಗಾರ. ನೆತ್ತಿ ತಟ್ಟುವುದರಿಂದ ಪ್ರಯೋಜನವಿಲ್ಲ. ಕೆಮ್ಮುತ್ತಿರುವವರ ಬಾಯಿಗೆ ನೀರು ಸುರಿಯುವುದಂತೂ ಕೂಡದು. ಕೆಮ್ಮಿ ಮುಗಿಸಲು ಬಿಡಬೇಕು.

ಉಣ್ಣುವಾಗ ಮಾತು ಬೇಡ ಎಂದು ಹಿರಿಯರು ಗದರುತ್ತಿದ್ದುದು ಶಿಸ್ತಿಗಾಗಿ ಎಂದು ಮಕ್ಕಳು ತಿಳಿಯುತ್ತಾರೆ. ಮಾತಿಗೂ ಉಸಿರಿಗೂ ಊಟಕ್ಕೂ ಇರುವುದು ಒಂದೇ ಓಣಿ. ಮಾತನಾಡಲು ಧ್ವನಿಪೆಟ್ಟಿಗೆ ಕೆಳಗಿಳಿದು ತೆರೆದಿರಬೇಕು, ನುಂಗಲು ಮೇಲೇರಿ ಮುಚ್ಚಿರಬೇಕು. ಎರಡನ್ನೂ ಒಟ್ಟಿಗೆ ಮಾಡಲು ಯಾರಿಂದಲೂ ಆಗದು.

ಒಳಲೆಯ ಹಾಲು, ಹರಳೆಣ್ಣೆ

ಮಗು ನುಂಗಲು ಕಲಿಯುವುದು ಹುಟ್ಟಿದ ಮೇಲಲ್ಲ. ಗರ್ಭದಲ್ಲಿ ಮೂರು ತಿಂಗಳಾಗುವ ಹೊತ್ತಿಗೇ ಅದು ಸುತ್ತಲಿನ ಗರ್ಭಜಲವನ್ನು ನುಂಗತೊಡಗುತ್ತದೆ. ಆದರೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಬರುವುದು ಸುಮಾರು 34ನೆಯ ವಾರದ ಹೊತ್ತಿಗೆ. ಅದಕ್ಕಿಂತ ಮುಂಚೆ ಹುಟ್ಟಿದ ಮಗುವಿಗೆ ಮೊಲೆಯೂಡುವುದು ಕಷ್ಟವಾಗುವುದು ಇದಕ್ಕಾಗಿ.

ಎಳೆಯ ಮಗುವಿನ ಧ್ವನಿಪೆಟ್ಟಿಗೆ ದೊಡ್ಡವರದಕ್ಕಿಂತ ಕತ್ತಿನಲ್ಲಿ ಮೇಲಿರುತ್ತದೆ. ಹಾಲಿಗೂ ಗಾಳಿಗೂ ದಾರಿ ಸ್ವಲ್ಪ ಪ್ರತ್ಯೇಕವಾಗಿರಲು ಇದರಿಂದ ಅನುಕೂಲ. ಹಾಗಿದ್ದರೂ ನುಂಗುವ ಕ್ಷಣದಲ್ಲಿ ಮಗುವಿನ ಉಸಿರೂ ನಿಲ್ಲಲೇಬೇಕು. ಮೊಲೆಹಾಲು ಕುಡಿಯುವಾಗ ಎಷ್ಟು ಹಾಲು ಬರಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಮಗುವೇ ನಿರ್ಧರಿಸುತ್ತದೆ. ಒಳಲೆಯಿಂದ ಸುರಿಯುವಾಗ ಆ ನಿರ್ಧಾರ ಸುರಿಯುವವರ ಕೈಗೆ ಹೋಗುತ್ತದೆ. ಕಾಲ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಅಳುತ್ತಿರುವಾಗಲೇ ಮೂಗು ಹಿಡಿದು ಗಂಟಲಿಗೆ ಹುಯ್ಯುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಅಳುವ ಮಗು ಆಗಾಗ ಜೋರಾಗಿ ಉಸಿರೆಳೆಯುತ್ತದೆ. ಆ ಉಸಿರಿನೊಡನೆ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು.

ಹರಳೆಣ್ಣೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಣ್ಣೆ ನುಣುಪು. ಶ್ವಾಸನಾಳಕ್ಕೆ ಜಾರಿದಾಗ ನೀರಿನಂತೆ ಕೆಮ್ಮಿಸದೆ ಸದ್ದಿಲ್ಲದೆ ಒಳಗೆ ಇಳಿಯುತ್ತದೆ. ಇಳಿದ ಎಣ್ಣೆಯನ್ನು ಹೊರಹಾಕುವುದು ಶ್ವಾಸಕೋಶಕ್ಕೆ ಬಹಳ ಕಷ್ಟ. ಇದರಿಂದ ಬರುವ ಒಂದು ಬಗೆಯ ನ್ಯುಮೋನಿಯ ದಕ್ಷಿಣ ಭಾರತದ ಮಕ್ಕಳ ವೈದ್ಯರಿಗೆ ಪರಿಚಿತ. ಹೊಟ್ಟೆ ಶುದ್ಧಿಗೆಂದು ಎಳೆಮಗುವಿನ ಬಾಯಿಗೋ ಮೂಗಿಗೋ ಎಣ್ಣೆ ಹಾಕಬಾರದು ಎಂದು ಅವರು ಹೇಳುವುದು ಈ ಕಾರಣಕ್ಕೆ. ಆರು ತಿಂಗಳವರೆಗೆ ತಾಯಿಯ ಹಾಲು ಸಾಕು. ಆಮೇಲೆ ರಾಗಿ ಸರಿಯನ್ನು ಮಗುವನ್ನು ಕೂರಿಸಿಕೊಂಡು, ಅದು ಬಾಯಿ ತೆರೆದಾಗ, ಸ್ವಲ್ಪ ಸ್ವಲ್ಪವೇ ತಿನ್ನಿಸಬೇಕು.

ನೀರೇ ಕಷ್ಟವಾದಾಗ

ಮನೆಯ ಹಿರಿಯರಿಗೆ ಪಾರ್ಶ್ವವಾಯು ಬಡಿದಾಗ ಕೈಕಾಲು ಬಿದ್ದುಹೋದದ್ದು ಎಲ್ಲರಿಗೂ ಕಾಣುತ್ತದೆ. ಗಂಟಲಿನ ಸ್ನಾಯುಗಳೂ ಸೋತಿರುವುದು ಕಾಣುವುದಿಲ್ಲ. ಪಾರ್ಶ್ವವಾಯು ಆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗಲು ತೊಂದರೆ ಇರುತ್ತದೆ. ಆಗ ಮನೆಯವರು ಯೋಚಿಸುವುದು ಹೀಗೆ: ಗಟ್ಟಿ ಆಹಾರ ಬೇಡ, ನೀರು, ಕಾಫಿ, ತಿಳಿ ಗಂಜಿ ಕೊಡೋಣ. ಇದು ಸಹಜ, ಆದರೆ ಅನೇಕ ವೇಳೆ ತಪ್ಪು. ನೀರು ಬಹಳ ವೇಗವಾಗಿ ಹರಿಯುತ್ತದೆ. ನಿಧಾನವಾಗಿರುವ ಗಂಟಲು ತನ್ನ ಬಾಗಿಲು ಮುಚ್ಚುವಷ್ಟರಲ್ಲಿ ನೀರು ಅಲ್ಲಿಗೆ ತಲುಪಿರುತ್ತದೆ. ಸ್ವಲ್ಪ ಮಂದವಾದ ರಾಗಿ ಅಂಬಲಿ ನಿಧಾನವಾಗಿ ಚಲಿಸುವುದರಿಂದ ಅಂಥವರಲ್ಲಿ ಹಲವರಿಗೆ ಹೆಚ್ಚು ಸುರಕ್ಷಿತ.

ಮುದ್ದೆಯ ಕಥೆಯೇ ಬೇರೆ. ಜೀವನವಿಡೀ ಮುದ್ದೆ ನುಂಗಿದವರಿಗೂ ಗಂಟಲು ಸೋತಾಗ ಅದೇ ಮುದ್ದೆ ಅಪಾಯ ತರಬಹುದು. ಅಂಟುವ ಉಂಡೆಯನ್ನು ನೂಕಲು ನಾಲಗೆಗೂ ಗಂಟಲಿಗೂ ಬಲ ಬೇಕು. ಜಪಾನಿನಲ್ಲಿ ಹೊಸ ವರ್ಷದ ದಿನ 'ಮೋಚಿ' ಎಂಬ ಅಂಟಂಟಾದ ಅಕ್ಕಿಯ ಉಂಡೆ ತಿನ್ನುತ್ತಾರೆ. ಅದು ಗಂಟಲಿಗೆ ಸಿಕ್ಕಿ ವೃದ್ಧರು ಸಾಯುವುದರಿಂದ, ಸಣ್ಣ ಚೂರು ಮಾಡಿ ತಿನ್ನಿ ಎಂದು ಅಲ್ಲಿನ ಅಧಿಕಾರಿಗಳು ಎಚ್ಚರಿಕೆ ಕೊಡುತ್ತಾರೆ.

ನೀರು ಕುಡಿದಾಗಲೆಲ್ಲ ಕೆಮ್ಮು, ಊಟವಾದ ಮೇಲೆ ನೀರು ತುಂಬಿದಂತೆ ಗೊರಗೊರ ಎನ್ನುವ ಧ್ವನಿ, ಬಾಯಿಯಲ್ಲೇ ಉಳಿಯುವ ಅನ್ನ, ಪದೇ ಪದೇ ಜ್ವರ ಮತ್ತು ಕಫ. ಇವು ಎಚ್ಚರಿಕೆಯ ಗುರುತುಗಳು. ಕೆಲವರಲ್ಲಿ ಕೆಮ್ಮೂ ಬಾರದೆ ಆಹಾರ ಶ್ವಾಸಕೋಶಕ್ಕೆ ಇಳಿಯುವುದುಂಟು. ಆದ್ದರಿಂದ ಪಾರ್ಶ್ವವಾಯು ಆದವರಿಗೆ ನುಂಗುವ ಶಕ್ತಿಯನ್ನು ಪರೀಕ್ಷಿಸುವ ಮುನ್ನ ಬಾಯಿಗೆ ಏನನ್ನೂ ಹಾಕಬಾರದು. ಇಂಥ ಪರೀಕ್ಷೆಗೂ ನುಂಗುವ ಅಭ್ಯಾಸ ಚಿಕಿತ್ಸೆಗೂ ತರಬೇತಿ ಪಡೆದವರು ಇದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತು ಮತ್ತು ಕಿವಿಯ ತೊಂದರೆಗಳಿಗೆ ಹೆಸರಾದದ್ದು. ನುಂಗುವ ತೊಂದರೆಗೂ ಅಲ್ಲಿ ನೆರವು ದೊರೆಯುತ್ತದೆ ಎಂಬುದು ಎಷ್ಟೋ ಮಂದಿಗೆ ತಿಳಿಯದು. ಮಾತು ಮತ್ತು ನುಂಗುವಿಕೆ ಎರಡಕ್ಕೂ ಬೇಕಾದ ಸ್ನಾಯುಗಳು ಬಹುಮಟ್ಟಿಗೆ ಅವೇ ಎಂದ ಮೇಲೆ ಇದರಲ್ಲಿ ಆಶ್ಚರ್ಯವಿಲ್ಲ.

ಪ್ರಜ್ಞೆ ತಪ್ಪಿದವರ, ಮೂರ್ಛೆ ಬಂದವರ ಬಾಯಿಗೆ ನೀರು ಹಾಕುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಮೆದುಳು ಮಂಕಾಗಿರುವಾಗ ಗಂಟಲಿನ ಕಾವಲುಗಾರನೂ ನಿದ್ದೆಯಲ್ಲಿರುತ್ತಾನೆ. ಹಾಕಿದ ನೀರು ಹೋಗುವುದು ಶ್ವಾಸಕೋಶಕ್ಕೆ. ಉಸಿರಾಡುತ್ತಿರುವವರನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದರೆ ಜೊಲ್ಲು ಹೊರಗೆ ಹರಿದುಹೋಗುತ್ತದೆ. ಅದೇ ಸರಿಯಾದ ಉಪಚಾರ.

ಗಂಟಲಿಗೆ ಸಿಕ್ಕಿಕೊಂಡರೆ

2022ರಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲಾ ಬಾಲಕಿಯೊಬ್ಬಳು ಚಾಕೊಲೇಟ್ ಗಂಟಲಿಗೆ ಸಿಕ್ಕಿ ತೀರಿಕೊಂಡ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಬಂದಿತ್ತು. ಶ್ವಾಸನಾಳ ಪೂರ್ತಿ ಮುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗುತ್ತದೆ. ಆಸ್ಪತ್ರೆ ಎಷ್ಟೇ ಹತ್ತಿರವಿರಲಿ, ಆ ಹೊತ್ತಿನಲ್ಲಿ ನೆರವಾಗಬೇಕಾದವರು ಪಕ್ಕದಲ್ಲಿರುವವರೇ.

ಕೆಮ್ಮಲು, ಅಳಲು, ಮಾತನಾಡಲು ಸಾಧ್ಯವಿದ್ದರೆ ಗಾಳಿ ಹೋಗುತ್ತಿದೆ ಎಂದರ್ಥ. ಜೋರಾಗಿ ಕೆಮ್ಮಲು ಹೇಳಬೇಕು. ಧ್ವನಿ ಹೊರಡದೆ, ಕತ್ತು ಹಿಡಿದುಕೊಂಡು, ತುಟಿ ನೀಲಿಯಾಗುತ್ತಿದ್ದರೆ ತಡಮಾಡಬಾರದು. ಮುಂದಕ್ಕೆ ಬಗ್ಗಿಸಿ, ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ಹೊಡೆಯಬೇಕು. ಬಿಡದಿದ್ದರೆ ಹಿಂದೆ ನಿಂತು, ಸೊಂಟವನ್ನು ಬಳಸಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಹಿಡಿದು, ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಬೇಕು. ಶ್ವಾಸಕೋಶದಲ್ಲಿ ಉಳಿದಿರುವ ಗಾಳಿ ಬಾಟಲಿಯ ಬಿರಡೆ ಹಾರಿದಂತೆ ಸಿಕ್ಕಿದ್ದನ್ನು ಹೊರಕ್ಕೆ ತಳ್ಳುತ್ತದೆ. ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಪ್ರಚಾರಕ್ಕೆ ತಂದ ಉಪಾಯ ಇದು. ಸಿಕ್ಕಿದ್ದು ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ಮೇಲೆ ಒತ್ತಬೇಕು.

ಒಂದು ವರ್ಷದೊಳಗಿನ ಕೂಸಿನ ಹೊಟ್ಟೆಯನ್ನು ಒತ್ತಲೇಬಾರದು. ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು ಪೆಟ್ಟು, ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ಕಣ್ಣಿಗೆ ಕಾಣದ ವಸ್ತುವನ್ನು ಬೆರಳು ಹಾಕಿ ತಡಕಬಾರದು. ಅದು ಇನ್ನೂ ಒಳಗೆ ಹೋಗುತ್ತದೆ. ಒಬ್ಬರು ಉಪಚಾರ ಮಾಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿ ಉಸಿರು ನಿಂತರೆ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಆರಂಭಿಸಬೇಕು.

ಕಡಲೆಕಾಯಿ ಬೀಜ, ಹುಣಿಸೆ ಬೀಜ, ಗಟ್ಟಿ ಪೆಪ್ಪರಮಿಂಟುಗಳನ್ನು ನಾಲ್ಕೈದು ವರ್ಷದೊಳಗಿನ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಅರೆಯಲು ಬೇಕಾದ ದವಡೆ ಹಲ್ಲು ಅವರಿಗೆ ಪೂರ್ತಿ ಬಂದಿರುವುದಿಲ್ಲ. ಕಡಲೆಬೀಜ ಶ್ವಾಸನಾಳ ದಾಟಿ ಹೆಚ್ಚಾಗಿ ಬಲ ಶ್ವಾಸಕೋಶದ ಕವಲಿಗೆ ಇಳಿಯುತ್ತದೆ. ಆ ಕವಲು ಅಗಲವಾಗಿಯೂ ನೇರವಾಗಿಯೂ ಇರುವುದೇ ಕಾರಣ. ಆಟವಾಡುತ್ತಾ ತಿನ್ನುತ್ತಿದ್ದ ಮಗು ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಯಿತು, ಆಮೇಲೆ ವಾರಗಟ್ಟಲೆ ಗೂರಲು ಎಂದರೆ ಅದನ್ನು ಬರೀ ಉಬ್ಬಸವೆಂದು ಬಿಡದೆ, ಆ ಮೊದಲ ಕೆಮ್ಮಿನ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಮಾಡಿ ನೋಡಿ

ವಿದ್ಯಾರ್ಥಿಗಳು ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ನಾಲ್ಕು ಪ್ರಯೋಗಗಳು ಇಲ್ಲಿವೆ. ಇವೆಲ್ಲಕ್ಕೂ ಬಾಯಲ್ಲಿರುವ ಉಗುಳೇ ಸಾಕು.

1. ಗಂಟಲಿನ ಮುಂದಿರುವ ಗಂಟಿನ ಮೇಲೆ ಬೆರಳಿಟ್ಟು ಉಗುಳು ನುಂಗಿ. ಗಂಟು ಮೇಲೆ ಹೋಗಿ ಕೆಳಗೆ ಬರುತ್ತದೆ. ಅದೇ ಧ್ವನಿಪೆಟ್ಟಿಗೆಯ ಏರಿಳಿತ.

2. ಮೂಗಿನ ಕೆಳಗೆ ಬೆರಳಿಟ್ಟು ನುಂಗಿ. ನುಂಗುವಾಗ ಗಾಳಿ ನಿಲ್ಲುತ್ತದೆ. ಮರುಕ್ಷಣ ಬರುವ ಉಸಿರು ಹೊರಕ್ಕೋ ಒಳಕ್ಕೋ ಗಮನಿಸಿ.

3. ಬಾಯನ್ನು ಅಗಲಿಸಿಟ್ಟುಕೊಂಡು ನುಂಗಲು ಪ್ರಯತ್ನಿಸಿ. ದವಡೆ ಮುಚ್ಚದೆ ನಾಲಗೆಗೆ ಒತ್ತಲು ಆಧಾರ ಸಿಗದು ಎಂಬುದು ತಿಳಿಯುತ್ತದೆ.

4. ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ನುಂಗಬಹುದು ಎಂದು ಎಣಿಸಿ. ಎರಡು ಮೂರು ಬಾರಿ ಸುಲಭ, ನಾಲ್ಕೈದನೆಯದು ಕಷ್ಟ. ಬಾಯಲ್ಲಿ ಉಗುಳು ಮುಗಿದಿರುತ್ತದೆ. ನುಂಗಲು ಏನಾದರೂ ಇರಲೇಬೇಕು.

ದಿನಕ್ಕೆ ಸುಮಾರು ಒಂದು ಲೀಟರ್ ಜೊಲ್ಲು ಊರುತ್ತದೆ. ಊಟ, ನೀರು, ಜೊಲ್ಲು ಎಲ್ಲ ಸೇರಿ ಮನುಷ್ಯ ದಿನಕ್ಕೆ ಸುಮಾರು 600 ಬಾರಿ ನುಂಗುತ್ತಾನೆ. ಬಹುಪಾಲು ಅವನ ಅರಿವಿಗೇ ಬಾರದೆ ನಡೆದುಹೋಗುತ್ತದೆ. ಅಷ್ಟೂ ಬಾರಿ ಉಸಿರು ನಿಂತು ಅನ್ನಕ್ಕೆ ದಾರಿ ಬಿಡುತ್ತದೆ. ಊಟದ ಹೊತ್ತಿನಲ್ಲಿ ಅದಕ್ಕೆ ಅಡ್ಡಿ ಬಾರದಂತೆ ನೋಡಿಕೊಳ್ಳಲು ದೊಡ್ಡ ವಿದ್ಯೆಯೇನೂ ಬೇಡ. ನೇರವಾಗಿ ಕುಳಿತು, ತುತ್ತು ಚಿಕ್ಕದು ಮಾಡಿ, ಅದು ಇಳಿಯುವವರೆಗೆ ಮಾತು ತಡೆದರೆ ಸಾಕು. ಟಿ.ವಿ. ಮತ್ತು ಮೊಬೈಲನ್ನು ಊಟ ಮುಗಿದ ಮೇಲೆ ನೋಡಬಹುದು.